ಪೌಂಡು, ಪುಡಿ, ತಕ್ಕಡಿ

ನಮ್ಮ ಸೀಮೆಯ ಮಕ್ಕಳ ಹೊಟ್ಟೆಯ ಲೆಕ್ಕವನ್ನು ಮೊದಲು ಕಾಗದಕ್ಕೆ ಇಳಿಸಿದವರು ತಾಯಂದಿರಲ್ಲ, ಡಾಕ್ಟರರೂ ಅಲ್ಲ, ಬರಗಾಲದ ಸಾಹೇಬರು. 1876ರಲ್ಲಿ ಮಳೆ ಹೋಯಿತು. ಆಗ ವಿಜಾಪುರ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. ಈಗಿನ ಬಾಗಲಕೋಟೆ ಜಿಲ್ಲೆಯ ನಮ್ಮ ಊರುಗಳಲ್ಲಿ ಬೀಳಗಿ ಇಂಗ್ಲಿಷರ ಆ ಜಿಲ್ಲೆಯಲ್ಲಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ-ತೇರದಾಳದ ಕಡೆ ಸಾಂಗ್ಲಿಯ ಅಧಿಕಾರ. ರೈಲು ಇರಲಿಲ್ಲ. ಧಾನ್ಯ ಸೊಲ್ಲಾಪುರದಿಂದಲೋ ಬಳ್ಳಾರಿಯಿಂದಲೋ ಚಕ್ಕಡಿಯ ಮೇಲೆ ಬರಬೇಕು. ಚಕ್ಕಡಿ ಎಳೆಯುವ ಎತ್ತಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗೂ ಮಿಕ್ಕಿ ಕುಗ್ಗಿತು. ಬರದ ನೆಪದಿಂದಲೇ ಹೋಟಗಿ-ಗದಗ ರೈಲು ಬಂತು, ಆದರೆ ಅದು 1884ರಲ್ಲಿ, ಸಾಯುವವರೆಲ್ಲ ಸತ್ತ ಮೇಲೆ.

1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿದ. ಅದೇ ತಿಂಗಳು ಬರದ ಸೀಮೆ ಸುತ್ತಲು ಹೊರಟ ಅವನ ಪ್ರತಿನಿಧಿ ರಿಚರ್ಡ್ ಟೆಂಪಲ್, ಸರಕಾರದ ಖರ್ಚು ಮಿತಿಮೀರಿತೆಂದು, ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲಿಷ್ಟು ಚಿಲ್ಲರೆ ಎಂದು ಇಳಿಸಿದ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇಷ್ಟರಲ್ಲಿ ಮನುಷ್ಯ ಬದುಕಲಾರ ಎಂದು ವಾದಕ್ಕೆ ನಿಂತ. ಬೊಂಬಾಯಿ ಡೆಕ್ಕನ್ನಿನಲ್ಲಿ ಕೂಲಿಗಳು ಗುದ್ದಲಿ ಬಿಟ್ಟು ಎದ್ದು ಹೋದರು; ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. ಒಂದು ಜೀವಕ್ಕೆ ದಿನಕ್ಕೆ ಎಷ್ಟು ಬೇಕು ಎಂಬ ಪ್ರಶ್ನೆ ನಮ್ಮ ಕಡೆ ಸರಕಾರಿ ಪ್ರಶ್ನೆಯಾದದ್ದು ಹೀಗೆ. ಕೇಳಿದ್ದು ಹೊಟ್ಟೆ ತುಂಬಿಸಲಿಕ್ಕಲ್ಲ, ಎಷ್ಟು ಕಡಿಮೆ ಕೊಟ್ಟರೆ ನಡೆದೀತು ಎಂದು ನೋಡಲಿಕ್ಕೆ.

ಅದೇ ವರ್ಷದ ಆಗಸ್ಟಿನಲ್ಲಿ ಮದ್ರಾಸಿನಿಂದ ಮೊರೆ ಹೋಗಿ, ಲಂಡನ್ನಿನ ಮೇಯರು ಮ್ಯಾನ್ಶನ್ ಹೌಸ್ ನಿಧಿ ತೆರೆದ. ಇಂಗ್ಲೆಂಡಿನಿಂದ, ಅದರ ದೂರದೂರದ ವಸಾಹತುಗಳಿಂದ ಲಕ್ಷಗಟ್ಟಲೆ ಪೌಂಡು ಹಣ ಬಂತು. ಮದ್ರಾಸಿನ ಸಮಿತಿಯ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ವಿಲಿಯಂ ಡಿಗ್ಬಿ ಆ ಬರದ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದಿಟ್ಟ. ಆ ಹಣದಲ್ಲಿ ಮದ್ರಾಸ್ ಪ್ರಾಂತದ ಕೆಲವು ಕಡೆ ಹಗಲುಹೊತ್ತು ಮಕ್ಕಳನ್ನು ಕೂಡಿಸಿ ಗಂಜಿ-ಹಾಲು ಕುಡಿಸುವ ಮನೆಗಳು ನಡೆದವು. ಬೊಂಬಾಯಿ ಪ್ರಾಂತಕ್ಕೂ ನಿಧಿಯ ಪಾಲು ಸಿಕ್ಕಿತು. ಒಂದು ಕೈ ಪೌಂಡಿಗೆ ಇಳಿಸುತ್ತಿತ್ತು, ಇನ್ನೊಂದು ಕೈ ಪೌಂಡು ಕಳಿಸುತ್ತಿತ್ತು. ಎರಡೂ ಒಂದೇ ದೇಶದ ಕೈ.

ಇದನ್ನೆಲ್ಲ ನಾನು ಓದಿದ್ದು ಅಂಗನವಾಡಿಯ ನೌಕರಿಯಿಂದ ನಿವೃತ್ತಿಯಾದ ನಂತರ. ಓದುತ್ತಿದ್ದಾಗ ಒಂದು ವಿಚಾರ ತಲೆಯಲ್ಲಿ ಗಟ್ಟಿಯಾಯಿತು. ಹೊರಗಿನಿಂದ ನಮ್ಮ ಮಕ್ಕಳಿಗೆ ಬಂದ ಸಹಾಯದಲ್ಲಿ ತಿನಿಸಿಗಿಂತ ಹೆಚ್ಚು ಕಾಲ ಬಾಳಿದ್ದು ಅಳತೆ. ಹಾಲಿನ ಪುಡಿ ನಿಂತಿತು, ಎಣ್ಣೆಯ ಡಬ್ಬಿ ನಿಂತಿತು, ಗೋದಿಯ ನುಚ್ಚು ನಿಂತಿತು. ಅಳತೆ ಇಲ್ಲೇ ಉಳಿಯಿತು.

ನಾನು ಬನಹಟ್ಟಿಯ ನೇಕಾರರ ಮಗಳು. ಸಾಲಿಗೆ ಹೋಗುವ ಮುಂಚೆ, ಬಂದ ಮೇಲೆ ಕಂಡಿಕೆ ಸುತ್ತುವುದು ನಮ್ಮ ಪಾಲಿನ ಕೆಲಸ. ನಾನು ಪ್ರಾಥಮಿಕ ಸಾಲಿಯಲ್ಲಿದ್ದಾಗ ಅಮೆರಿಕದ ಉಪ್ಪಿಟ್ಟು ಬಂತು. ಈ ರಾಜ್ಯದಲ್ಲಿ ನನ್ನ ವಯಸ್ಸಿನವರಿಗೆ ಆ ಉಪ್ಪಿಟ್ಟಿನ ಹಳದಿ ಬಣ್ಣ, ಆ ಎಣ್ಣೆಯ ವಾಸನೆ ಹೇಳಿಕೊಡಬೇಕಾಗಿಲ್ಲ. ಕಳಿಸುತ್ತಿದ್ದದ್ದು ಕೇರ್ ಎಂಬ ಸಂಸ್ಥೆ. 1945ರಲ್ಲಿ, ಯುದ್ಧದಿಂದ ನೆಲಕಚ್ಚಿದ ಯುರೋಪಿನ ಮನೆಗಳಿಗೆ ಆಹಾರದ ಪೆಟ್ಟಿಗೆ ಕಳಿಸಲು ಅಮೆರಿಕದಲ್ಲಿ ಹುಟ್ಟಿದ್ದು. 1950ರಲ್ಲಿ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. 1954ರಲ್ಲಿ ಅಮೆರಿಕ ಪಿಎಲ್ 480 ಕಾಯ್ದೆ ಮಾಡಿದ ಮೇಲೆ ಅಲ್ಲಿ ಬೆಳೆದು ಮಿಕ್ಕಿದ ಗೋದಿ, ಜೋಳ, ಸೋಯಾ ಎಣ್ಣೆ, ಹಾಲಿನ ಪುಡಿ ಹಡಗು ಹತ್ತಿದವು. ನಮ್ಮ ಹಸಿವೂ ಅವರ ಉಗ್ರಾಣದ ಭಾರವೂ ಒಂದೇ ಹೊತ್ತಿಗೆ ಕೂಡಿಬಂದಿದ್ದವು. ಹಾಗೆಂದು ಉಪ್ಪಿಟ್ಟಿನ ರುಚಿಯೇನೂ ಕೆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ವಾಸನೆ ಬಂದರೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ.

ಹಾಲಿನ ಪುಡಿ ಬೇರೆ ಕಥೆ. ಅದನ್ನು ನೀರಿನಲ್ಲಿ ಕದಡಿ ಕಾಸಿ ಕೊಡಬೇಕು. ನಾವು ಕದ್ದು ಒಣ ಪುಡಿಯನ್ನೇ ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಅಂಟಿ ನಾಲಗೆ ಹೊರಳುತ್ತಿರಲಿಲ್ಲ. ಗುರುಗಳು ಹೆಸರು ಕೂಗಿದರೆ 'ಹಾಜರ' ಅನ್ನಲಾಗದೆ ಸಿಕ್ಕಿಬೀಳುತ್ತಿದ್ದೆವು. ಪುಡಿಯ ಪಾಲು ಕೆಲವರ ಮನೆಯ ಚಹಾಕ್ಕೂ ಹೋಗುತ್ತಿತ್ತು, ಅದು ಊರಿಗೆಲ್ಲ ಗೊತ್ತಿತ್ತು. ಎಣ್ಣೆಯ ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ. ಖಾಲಿಯಾದ ಡಬ್ಬಿಗೆ ಊರೆಲ್ಲ ಸಾಲುಗಟ್ಟುತ್ತಿತ್ತು. ಜೋಳ ಅಳೆಯಲು, ನೀರು ಕಾಸಲು, ಸಂಡಾಸಕ್ಕೆ ಒಯ್ಯಲು. ಬಟ್ಟೆಯ ಚೀಲಗಳು ಬಂದರೆ ನಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ತಿಕ್ಕಿ, ನೂಲು ಬಿಡಿಸಿ ನೋಡುತ್ತಿದ್ದ. 'ಸೂತ ದಪ್ಪ ಐತಿ, ಆದ್ರ ನೇಯ್ಗಿ ಒಂದs ಸಮ ಐತಿ ನೋಡು, ಮಷೀನದ್ದು' ಎಂದು ತೀರ್ಪು ಕೊಟ್ಟು ನಮ್ಮವ್ವನ ಕೈಗೆ ಎಸೆಯುತ್ತಿದ್ದ. ಅವಳು ಅದರಲ್ಲಿ ತಮ್ಮಂದಿರಿಗೆ ಚಡ್ಡಿ ಹೊಲಿಯುತ್ತಿದ್ದಳು. ನೇಕಾರರ ಓಣಿಯ ಮಕ್ಕಳು ಅಮೆರಿಕದ ನೇಯ್ಗೆಯನ್ನು ಉಟ್ಟು ತಿರುಗಿದರು. ನಮ್ಮಪ್ಪ ಅದನ್ನು ಅವಮಾನ ಎಂದೇನೂ ಎಣಿಸಲಿಲ್ಲ. ಆತನಿಗೆ ಬಟ್ಟೆ ಬಟ್ಟೆಯೇ.

ಗೋದಿಯ ಜೊತೆ ಇನ್ನೊಂದು ಬಂತು: ಕಾಂಗ್ರೆಸ್ ಕಸ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇಂದು ಬೀಳಗಿಯ ಒಡ್ಡಿನ ಮೇಲೂ ಇದೆ, ಅಂಗನವಾಡಿಯ ಹಿತ್ತಲಲ್ಲೂ ಇದೆ. ಪರದೇಶದ ಸಹಾಯದಲ್ಲಿ ಬೇರುಬಿಟ್ಟು ನಿಂತದ್ದು ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಬಹುದು.

ಕೇರ್ ಅಮೆರಿಕದ ಸಂಸ್ಥೆಯಾದರೆ ಯುನಿಸೆಫ್ ಎಲ್ಲ ದೇಶಗಳದು. 1946ರ ಡಿಸೆಂಬರಿನಲ್ಲಿ ಹುಟ್ಟಿ 1949ರಲ್ಲಿ ಭಾರತಕ್ಕೆ ಬಂತು. ಅದೂ ಹಾಲಿನ ಪುಡಿ ಹಂಚಿತು. ಆದರೆ ಹಂಚಿಕೆಯಲ್ಲೇ ನಿಲ್ಲಲಿಲ್ಲ ಎಂಬುದು ಅದರ ದೊಡ್ಡತನ. ಗುಜರಾತಿನ ಆಣಂದದ ಡೈರಿಗೆ ಯಂತ್ರ ಕೊಟ್ಟಿತು, 1965ರಲ್ಲಿ ಶುರುವಾದ ಬೆಂಗಳೂರು ಡೈರಿಗೂ ನೆರವಾಯಿತು. ಪರದೇಶದ ಪುಡಿ ಬೇಡವಾಗುವಂತೆ ಮಾಡುವ ಕೆಲಸ ಅದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಶೇಂಗಾ ಹಿಂಡಿಯ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಜೀವಸತ್ವ ಸೇರಿಸಿ 'ಮಲ್ಟಿಪರ್ಪಸ್ ಫುಡ್' ಮಾಡಿದರು. ನಮ್ಮ ಅಜ್ಜಿಯಂದಿರು ಶೇಂಗಾ ಚಟ್ನಿ, ಪುಠಾಣಿ, ಬೆಲ್ಲ ಎಂದು ಕೊಡುತ್ತಿದ್ದದ್ದೂ ಅದೇ ದಾರಿಯ ಊಟ. ಆಮೇಲೆ ಬೆಂಗಳೂರಿನ ಆಗ್ರೋ ಕಾರ್ನ್ ಕಂಪನಿಯಿಂದ ಎನರ್ಜಿ ಫುಡ್ ಬಂತು. ನಾನು ನೌಕರಿಗೆ ಸೇರಿದಾಗ ಹಂಚಿದ್ದು ಅದನ್ನೇ. ಸರಕಾರದ ಪುಸ್ತಕದಲ್ಲಿ ಅದು ಮಕ್ಕಳ, ಬಸುರಿ-ಬಾಣಂತಿಯರ ಆಹಾರ. ಊರಲ್ಲಿ ನೋಡಿದರೆ ಉಂಡಿ ಕಟ್ಟಿದರೆ ಮನೆಮಂದಿಗೆಲ್ಲ, ಹುಳ ಬಿದ್ದರೆ ಎಮ್ಮೆಗೆ.

ಅಂಗನವಾಡಿಯ ಮೂಲ ಹುಡುಕಿದರೆ ಅದು ಯುನಿಸೆಫ್‌ಗಿಂತ ಮುಂಚೆ ಮಹಾರಾಷ್ಟ್ರದ ಬೋರ್ಡಿಗೆ ಹೋಗುತ್ತದೆ. 1945ರಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅಲ್ಲಿ ಬಾಲವಾಡಿ ಹಾಕಿದರು. ಮಕ್ಕಳು ಸಾಲಿಗೆ ಬರದಿದ್ದರೆ ಸಾಲಿಯೇ ಅಂಗಳಕ್ಕೆ ಹೋಗಲಿ ಎಂದರು. 1939ರಲ್ಲಿ ಮದ್ರಾಸಿಗೆ ಬಂದ ಮಾಂಟೆಸೊರಿಯ ಸಾಮಗ್ರಿ ದುಬಾರಿ; ಇವರು ಕವಡೆ, ಬೀಜ, ಎಲೆ ಹಿಡಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಆಗ ಉಪರಾಷ್ಟ್ರಪತಿ ನಮ್ಮ ಜಮಖಂಡಿ ತಾಲ್ಲೂಕು ಸಾವಳಗಿಯ ಬಿ.ಡಿ. ಜತ್ತಿ. ಆದರೆ ಕರ್ನಾಟಕದ ಪಾಲಿನ ಮೊದಲ ಯೋಜನೆ ಹೋದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಬರದ ಸೀಮೆ ಕಾಯಬೇಕಾಯಿತು. ಅದು ನಮಗೆ ರೂಢಿ.

ಯೋಜನೆಯ ಜೊತೆ ಯುನಿಸೆಫ್ ಕೊಟ್ಟದ್ದು ಜೀಪು, ತರಬೇತಿ, ಔಷಧದ ಪೆಟ್ಟಿಗೆ, ತಕ್ಕಡಿ. ಗಡಿಯಾರದ ಮುಖದಂಥ ತಕ್ಕಡಿ ಅದು, 25 ಕೆ.ಜಿ.ವರೆಗೆ ತೂಗುತ್ತಿತ್ತು, ನೂರು ನೂರು ಗ್ರಾಂಗೆ ಒಂದು ಗೀಟು. ಕೊಕ್ಕೆಗೆ ಚಡ್ಡಿಯಂಥ ಜೋಳಿಗೆ. ತೊಲೆಗೆ ಕಟ್ಟಿ ಕೂಸನ್ನು ಅದರಲ್ಲಿ ಇಳಿಸಿದರೆ ಕಾಲು ಬಡಿದು ಅಳುತ್ತಿತ್ತು, ಮುಳ್ಳು ನಿಲ್ಲುತ್ತಿರಲಿಲ್ಲ. ಮುದುಕಿಯರು ಬಾಗಿಲಲ್ಲೇ ತಡೆಯುತ್ತಿದ್ದರು. 'ಅಕ್ಕಾರ, ಕೂಸಿನ ತೂಕ ಮಾಡಬ್ಯಾಡ್ರಿ, ಕಣ್ಣ ಬೀಳತಾವ. ಅದೇನ ಹತ್ತಿ ಅಂಡಗಿ ಐತೇನ್ರಿ?' ಅವರ ಮಾತಲ್ಲಿ ಹುರುಳಿತ್ತು. ನೇಕಾರರಿಗೆ ತಕ್ಕಡಿ ಅಂದರೆ ಸಾಹುಕಾರ ನೂಲು ತೂಗಿ ಕೊಟ್ಟು ಸೀರೆ ತೂಗಿ ತಗೊಳ್ಳುವ ವಸ್ತು. ಅದರ ಮುಂದೆ ಯಾರಿಗೂ ಒಳ್ಳೆಯದಾದದ್ದನ್ನು ಅವರು ಕಂಡಿರಲಿಲ್ಲ. ನಾನೊಂದು ಉಪಾಯ ಹೂಡಿದೆ: ಮೊದಲು ಮುದುಕಿಯ ಸೊಂಟದ ಚೀಲವನ್ನೇ ತೂಗಿ ಎಲೆ-ಅಡಿಕೆ ಎಷ್ಟೆಂದು ಹೇಳುವುದು. ನಕ್ಕವಳು ಮೊಮ್ಮಗುವನ್ನು ಕೊಡುತ್ತಿದ್ದಳು.

ತೂಗಿದ ಮೇಲೆ ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕಿ. ಆ ಚಾರ್ಟಿನ ಕಲ್ಪನೆ ನೈಜೀರಿಯಾದ ಹಳ್ಳಿಯಲ್ಲಿ ಕೆಲಸ ಮಾಡಿದ ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ಡಾಕ್ಟರದು. ಓದು ಬಾರದ ತಾಯಿಗೂ ಗೀಟು ಮೇಲೇರುತ್ತಿದೆಯೋ ಇಳಿಯುತ್ತಿದೆಯೋ ಕಾಣಬೇಕು ಎಂಬುದು ಆತನ ಲೆಕ್ಕ. ಗೀಟುಗಳು ಮಾತ್ರ ಬೇರೆ ಕಡೆಯವು. ನಾವು ಮಕ್ಕಳನ್ನು ಒಂದು, ಎರಡು, ಮೂರು, ನಾಲ್ಕನೇ ದರ್ಜೆ ಎಂದು ವಿಂಗಡಿಸುತ್ತಿದ್ದದ್ದು ಭಾರತೀಯ ಮಕ್ಕಳ ತಜ್ಞರ ಸಂಘ 1972ರಲ್ಲಿ ಮಾಡಿದ ಪಟ್ಟಿಯಂತೆ. ಆ ಪಟ್ಟಿ ಹಾರ್ವರ್ಡ್ ಮಾನದಂಡದ ಮೇಲೆ ನಿಂತದ್ದು. ಆ ಮಾನದಂಡ 1930ರ ದಶಕದಲ್ಲಿ ಅಮೆರಿಕದ ಬೋಸ್ಟನ್ನಿನ ಮಕ್ಕಳನ್ನು ತೂಗಿ ಮಾಡಿದ್ದು. ಬೋಸ್ಟನ್ನಿನ ಕೂಸು ವರ್ಷಕ್ಕೆ ಹತ್ತು ಕೆ.ಜಿ. ಆಜುಬಾಜು. ಅದರ ಶೇ 80 ದಾಟಿದರೆ ನಮ್ಮ ಕೂಸು ಪಾಸು.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಗೀಟು ಎಳೆಯಿತು. ಈ ಸಲ ಡೇವಿಸ್, ಪೆಲೋಟಾಸ್, ಅಕ್ರಾ, ಓಸ್ಲೋ, ಮಸ್ಕತ್, ದಿಲ್ಲಿ, ಹೀಗೆ ಆರು ಊರಿನ ಮಕ್ಕಳು. ಎದೆಹಾಲು ಕುಡಿದು, ಅನುಕೂಲದ ಮನೆಯಲ್ಲಿ ಬೆಳೆದರೆ ಎಲ್ಲ ದೇಶದ ಕೂಸುಗಳೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತವೆ ಎಂದು ತೋರಿಸಿತು. ನಮ್ಮ ಮಕ್ಕಳು ಜಾತಿಯಿಂದಲೇ ಸಣ್ಣ ಎನ್ನುತ್ತಿದ್ದ ಅಧಿಕಾರಿಗಳ ಬಾಯಿ ಅದರಿಂದ ಮುಚ್ಚಿತು. ಅದಕ್ಕೆ ನಾನು ಋಣಿ. ಎರಡು ವರ್ಷದ ನಂತರ ಆ ಚಾರ್ಟು ನಮ್ಮ ದೇಶದ ಅಂಗನವಾಡಿಗಳ ಪಾಲಿಗೆ ಬಂತು. ಹುಡುಗಿಯರಿಗೆ ಗುಲಾಬಿ, ಹುಡುಗರಿಗೆ ನೀಲಿ. ಒಳಗೆ ಹಸಿರು, ಹಳದಿ, ಕಿತ್ತಳೆ ಪಟ್ಟಿ. ಬದಲಾವಣೆಯ ಕೆಲಸ ಹೇಗೆಂದರೆ: ವರ್ಷದ ಹೆಣ್ಣುಕೂಸು 6.2 ಕೆ.ಜಿ. ಇದೆ ಅನ್ನಿ. ಹಳೆಯ ಲೆಕ್ಕದಲ್ಲಿ ಅದು ಬೋಸ್ಟನ್ ಕೂಸಿನ ಶೇ 60ರ ಮೇಲೆ, ಎರಡನೇ ದರ್ಜೆ. ಮೂರು-ನಾಲ್ಕನೇ ದರ್ಜೆಯವರ ಪಟ್ಟಿಯಲ್ಲಿಲ್ಲ, ಎರಡು ಪಾಲಿನ ಆಹಾರವೂ ಇಲ್ಲ. ಹೊಸ ಲೆಕ್ಕದಲ್ಲಿ 6.3ಕ್ಕಿಂತ ಕೆಳಗೆ ಇದ್ದದ್ದೆಲ್ಲ ಕಿತ್ತಳೆ, ತೀವ್ರ ಅಪೌಷ್ಟಿಕತೆ. ಅದೇ ಕೂಸು, ಅದೇ ತೂಕ. ಕಾಗದ ಬದಲಾದ ತಿಂಗಳು ಎಷ್ಟೋ ಕೇಂದ್ರಗಳಲ್ಲಿ ತೀವ್ರದ ಸಂಖ್ಯೆ ಏರಿತು, ಮೇಲಿನವರು ಕಾರ್ಯಕರ್ತೆಯರನ್ನು ಬೈದರು. ಯಾರೂ ಓಸ್ಲೋವನ್ನು ಬೈಯಲಿಲ್ಲ.

ಎಲ್ಲ ಸಹಾಯವೂ ತಟ್ಟೆಯಲ್ಲೇ ಬರಲಿಲ್ಲ. ನಾರು ಹುಣ್ಣು ಈಗಿನ ಹುಡುಗಿಯರಿಗೆ ಗೊತ್ತೇ ಇಲ್ಲ. ಅವಿಭಜಿತ ವಿಜಾಪುರ ಜಿಲ್ಲೆ ಅದರ ತವರುಗಳಲ್ಲಿ ಒಂದು. ಮೆಟ್ಟಿಲ ಬಾವಿಯ ನೀರಿನ ಜೊತೆ ಹೊಟ್ಟೆ ಸೇರಿದ ಹುಳ, ವರ್ಷ ಕಳೆದು ಮೊಳಕಾಲಲ್ಲೋ ಹಿಮ್ಮಡಿಯಲ್ಲೋ ಬೊಬ್ಬೆ ಎಬ್ಬಿಸಿ ದಾರದಂತೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು, ಹರಿದರೆ ಕೀವು. ತಾಯಿಗೆ ಬಂದರೆ ಹೊಲವಿಲ್ಲ, ಅಡಿಗೆಯಿಲ್ಲ, ಕೂಸಿಗೆ ಹಾಲೂ ಇಲ್ಲ. ಔಷಧವಿಲ್ಲದ ಈ ರೋಗಕ್ಕೆ ಕುಡಿಯುವ ನೀರನ್ನು ಕಾಯುವುದೊಂದೇ ದಾರಿ. 1983ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಹಿಂದೆ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಇದ್ದವು. ಮೆಟ್ಟಿಲ ಬಾವಿ ಮುಚ್ಚಿ ಕೈಪಂಪು ಹಾಕಿದರು. ನಾವು 'ಬೋರಿಂಗು' ಎನ್ನುವ ಆ ಪಂಪಿನ ಬೇರು ಇಲ್ಲೇ ಮಗ್ಗುಲಲ್ಲಿದೆ: ಸೊಲ್ಲಾಪುರದಲ್ಲಿ ತಯಾರಾದ ಗಟ್ಟಿ ಪಂಪನ್ನೇ ತಿದ್ದಿ ಯುನಿಸೆಫ್ ಮತ್ತು ಭಾರತೀಯ ಎಂಜಿನಿಯರರು 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಮಾಡಿದರು. ಅದು ಆಫ್ರಿಕದ ಹಳ್ಳಿಗಳಿಗೂ ಹೋಯಿತು. ದೇಶದ ಕೊನೆಯ ನಾರು ಹುಣ್ಣು 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ಭಾರತ ಮುಕ್ತ ಎಂದು ಘೋಷಣೆಯಾಯಿತು. ನನ್ನ ಮಟ್ಟಿಗೆ, ನಮ್ಮ ಮಕ್ಕಳಿಗೆ ಹೊರಗಿನವರಿಂದ ಆದ ದೊಡ್ಡ ಉಪಕಾರ ಯಾವ ಡಬ್ಬಿಯೂ ಅಲ್ಲ, ಈ ಪಂಪು.

1989ರಲ್ಲಿ ಡಚ್ಚರ ಹಣದಿಂದ ಮಹಿಳಾ ಸಮಾಖ್ಯಾ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ವಿಜಾಪುರವೂ ಒಂದು, ಬೀದರ, ಮೈಸೂರು ಉಳಿದೆರಡು. ಅವರು ಏನನ್ನೂ ಹಂಚುತ್ತಿರಲಿಲ್ಲ. ಹೆಂಗಸರನ್ನು ಕೂಡಿಸಿ ಕೂತು ಮಾತಾಡಿಸುತ್ತಿದ್ದರು. ಮೊದಲು ನಮಗೆ ಇದು ಸೋಮಾರಿಗಳ ಕೆಲಸದಂತೆ ಕಂಡಿತು. ಆದರೆ ಅಂಗನವಾಡಿಯ ಬಾಗಿಲು ವಾರದಿಂದ ತೆರೆದಿಲ್ಲ ಎಂದು ಪಂಚಾಯ್ತಿಗೆ ಹೋಗಿ ಜೋರು ಮಾಡಿದವರು ಆ ಸಂಘದ ಹೆಂಗಸರೇ.

ಬೀಳಗಿಯ ಕಥೆ ಆಲಮಟ್ಟಿ ಅಣೆಕಟ್ಟಿನದು. ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟ ಊರುಗಳು ಪುನರ್ವಸತಿ ಕೇಂದ್ರಗಳಾದವು. ಯೋಜನೆಗೆ ಸಾಲ ಕೊಟ್ಟ ವಿಶ್ವಬ್ಯಾಂಕು, ಜನರನ್ನು ಸರಿಯಾಗಿ ನೆಲೆಗೊಳಿಸಿಲ್ಲವೆಂದು 1990ರ ದಶಕದಲ್ಲಿ ಎರಡು ಸಲ ಹಣ ತಡೆಹಿಡಿಯಿತು. ಪತ್ರಾಸಿನ ಶೆಡ್ಡಿನಲ್ಲಿ ಅಂಗನವಾಡಿ, ಮೇ ತಿಂಗಳಲ್ಲಿ ಒಳಗೆ ಕಾಲಿಡಲಾಗದು. ಆ ಮಕ್ಕಳ ತೂಕ ಇಳಿದದ್ದಕ್ಕೆ ಚಾರ್ಟಿನಲ್ಲಿ ಕಾರಣ ಬರೆಯುವ ಜಾಗವಿರಲಿಲ್ಲ. 2009ರ, 2019ರ ನೆರೆಗಳಲ್ಲಿ ಮುಧೋಳದ ಕಡೆ ಘಟಪ್ರಭೆ, ಜಮಖಂಡಿಯ ಕಡೆ ಕೃಷ್ಣೆ ಮನೆ ಹೊಕ್ಕಾಗ ಗಂಜಿ ಕೇಂದ್ರಗಳಲ್ಲಿ ಮಕ್ಕಳನ್ನು ಹಿಡಿದು ಕೂತವರು ನಮ್ಮವರೇ. ಅವರ ಮನೆಗೂ ನೀರು ಬಂದಿತ್ತು.

ಎಚ್ಐವಿಯ ಕಾಲ ಇವೆಲ್ಲಕ್ಕಿಂತ ಕಠಿಣ. 1982ರ ಕಾಯ್ದೆ ದೇವದಾಸಿ ಬಿಡುವುದನ್ನು ನಿಷೇಧಿಸಿದರೂ ಮುಧೋಳ, ಜಮಖಂಡಿಯ ಹಳ್ಳಿಗಳಿಂದ ಹುಡುಗಿಯರು ಮುಂಬಯಿ, ಪುಣೆ, ಸಾಂಗ್ಲಿಗೆ ಹೋಗುವುದು ನಿಂತಿರಲಿಲ್ಲ. ಬಸುರಿಯರ ರಕ್ತಪರೀಕ್ಷೆಯಲ್ಲಿ ಬಾಗಲಕೋಟೆ ರಾಜ್ಯದ ಅತಿ ಹೆಚ್ಚು ಸೋಂಕಿನ ಜಿಲ್ಲೆಗಳ ಸಾಲಿಗೆ ಬಂತು. 2001ರಲ್ಲಿ ಕೆನಡಾದ ಹಣ, ಮ್ಯಾನಿಟೋಬಾ ವಿಶ್ವವಿದ್ಯಾಲಯದ ತಜ್ಞರು ಬಂದರು. ಆಮೇಲೆ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆಯಿತು. ಆಸ್ಪತ್ರೆಯಲ್ಲಿ ಗುಳಿಗೆ ಸಿಕ್ಕವು, ಕೂಸುಗಳು ಉಳಿದವು. ಅಂಗನವಾಡಿಯ ಚಾಪೆಯ ಮೇಲೆ ಆ ಕೂಸನ್ನು ಕೂಡಿಸುವುದು ಮಾತ್ರ ಯಾವ ದೇಶದ ತಜ್ಞರಿಂದಲೂ ಆಗಲಿಲ್ಲ. ಒಂದು ಊರಲ್ಲಿ ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದಾಗ, ಸಹಾಯಕಿ ಆ ಕೂಸಿಗೆ ಉಣಿಸಿ ಅದೇ ತಾಟಿನಲ್ಲಿ ತಾನೂ ಉಂಡಳು. ಎಲ್ಲರಿಗೂ ಕಾಣಲೆಂದು ಹೊರಗೆ ಕಟ್ಟೆಯ ಮೇಲೆ ಕೂತು ಉಂಡಳು. ವಾರ ಕಳೆಯುವುದರೊಳಗೆ ಮಕ್ಕಳು ತಿರುಗಿ ಬಂದರು.

ಆ ಸಹಾಯಕಿಗೆ ಸರಕಾರ ಕೊಡುತ್ತಿದ್ದದ್ದು ಸಂಬಳ ಅಲ್ಲ, ಗೌರವಧನ. ಯೋಜನೆ ಶುರುವಾದಾಗ ಮೆಟ್ರಿಕ್ ಆಗದ ಕಾರ್ಯಕರ್ತೆಗೆ ತಿಂಗಳಿಗೆ ನೂರು ರೂಪಾಯಿ, ಸಹಾಯಕಿಗೆ ಅದರ ಅರ್ಧವೂ ಇಲ್ಲ. 2006ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯ ಕೆಲಸ ಸರಕಾರಿ ಹುದ್ದೆಯಲ್ಲ ಎಂದಿತು. ಅದೇ ತಿಂಗಳು ಅದೇ ಕೋರ್ಟು ಪ್ರತಿ ಓಣಿಗೂ, ಪ್ರತಿ ಮಗುವಿಗೂ ಅಂಗನವಾಡಿ ಮುಟ್ಟಬೇಕೆಂದು ಆದೇಶ ಮಾಡಿತು. ಎರಡನ್ನೂ ಒಟ್ಟಿಗಿಟ್ಟು ಓದಿ ನೋಡಿ. ಗ್ರಾಚ್ಯುಟಿಗೆ ಅರ್ಹರು ಎಂಬ ತೀರ್ಪು ಬರಲು 2022ರ ಏಪ್ರಿಲ್ ಆಗಬೇಕಾಯಿತು. ಯುನಿಸೆಫ್‌ನ ಚಂದದ ಪುಸ್ತಿಕೆಗಳಲ್ಲಿ ನಮ್ಮ ಫೋಟೋ ಇರುತ್ತಿತ್ತು, ಪಗಾರದ ಮಾತು ಇರುತ್ತಿರಲಿಲ್ಲ.

ಈಗ ಅಳತೆ ಫೋನಿಗೆ ಬಂದಿದೆ. 2021ರಿಂದ ಪೋಷಣ್ ಟ್ರ್ಯಾಕರ್. ತೂಕ, ಎತ್ತರ ಎಲ್ಲ ನೇರ ದಿಲ್ಲಿಗೆ. ಇತ್ತೀಚೆಗೆ ಮನೆಗೆ ಒಯ್ಯುವ ರೇಶನ್ನಿಗೆ ತಾಯಿಯ ಮುಖವನ್ನೂ ಫೋನು ಗುರುತಿಸಬೇಕು. ಬಿಸಿಲಲ್ಲಿ ಕಪ್ಪಾದ ಮುಖ, ನೆಟ್‌ವರ್ಕ್ ಇಲ್ಲದ ಗುಡ್ಡ. ನನ್ನ ಶಿಷ್ಯೆಯರು ಫೋನನ್ನು ಮೇಲೆತ್ತಿ ಹಿಡಿದು ಮಾಳಿಗೆ ಹತ್ತುತ್ತಾರೆ.

ಇಂದಿನ ತೊಂದರೆಯ ಮಕ್ಕಳು ಯಾರೆಂದರೆ ನಾನು ಕಬ್ಬಿನ ಗ್ಯಾಂಗಿನ ಕೂಸುಗಳನ್ನು ತೋರಿಸುತ್ತೇನೆ. ಮುಧೋಳ, ಜಮಖಂಡಿ, ಸಮೀರವಾಡಿ, ಎಲ್ಲ ಕಡೆ ಕಾರ್ಖಾನೆ. ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡದ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಜೋಡಿಗಳು ಬರುತ್ತವೆ. ಬೆಳಗಿನ ಜಾವ ತಾಯಿ ಕೊಯ್ತಾ ಹಿಡಿದು ಹೊರಟರೆ ಕೂಸು ರವದಿಯ ಮೇಲೆ, ಅಕ್ಕನ ಕಾವಲಿನಲ್ಲಿ. ಅಕ್ಕನಿಗೆ ಏಳೋ ಎಂಟೋ ವರ್ಷ. ಪೋಲಿಯೊ ಹನಿ ಹಾಕುವ ದಿನಗಳಲ್ಲಿ ಈ ಗುಡಿಸಲುಗಳನ್ನು ಹುಡುಕಿಕೊಂಡು ಹೋಗುವುದನ್ನು ರೋಟರಿಯವರೂ ವಿಶ್ವ ಆರೋಗ್ಯ ಸಂಸ್ಥೆಯವರೂ ನಮಗೆ ಕಲಿಸಿದರು. ಒಂದು ಮಗುವೂ ಬಿಟ್ಟುಹೋಗಬಾರದು ಎಂಬ ಹಟ ಅದು. 2014ರಲ್ಲಿ ದೇಶ ಪೋಲಿಯೊ ಮುಕ್ತವಾಯಿತು. ಆ ಹಟ ಊಟದ ವಿಷಯದಲ್ಲಿ ಬರಲಿಲ್ಲ. ನರೇಗಾ ಕೂಲಿಯವರ ಮಕ್ಕಳಿಗೆ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಬಂದವು, ಕಬ್ಬಿನವರು ಯಾವ ಪಂಚಾಯ್ತಿಗೂ ಸೇರಿದವರಲ್ಲ. ಟ್ರ್ಯಾಕರಿನಲ್ಲಿ ವಲಸೆ ಹೋದವರನ್ನು ಬೇರೆ ಕೇಂದ್ರಕ್ಕೆ ಸೇರಿಸುವ ದಾರಿ ಇದೆಯೆನ್ನುತ್ತಾರೆ. ಆದರೆ ತಾಯಿಯ ಕೈಯಲ್ಲಿ ಆಧಾರ್ ಇರಬೇಕು, ಆ ನಂಬರಿನ ಫೋನೂ ಇರಬೇಕು; ಫೋನು ಗಂಡನ ಬಳಿ, ಗಂಡ ಟ್ರ್ಯಾಕ್ಟರಿನ ಮೇಲೆ.

ಹಾಗಾಗಿ ಅವರ ಕೂಸುಗಳನ್ನು ತೂಗಿದರೆ ಫೋನಿಗೆ ಕಾಯಬೇಡಿ, ತಾರೀಖು-ತೂಕ ಒಂದು ರಟ್ಟಿನ ಚೀಟಿಯಲ್ಲಿ ಬರೆದು ತಾಯಿಯ ಕೈಗೇ ಕೊಡಿ ಎಂದು ನಾನು ಹುಡುಗಿಯರಿಗೆ ಹೇಳಿದ್ದೇನೆ. ಬರೆಯುವಾಗ ಕನ್ನಡ ಅಂಕಿ ಬೇಡ, ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ. ಬೀಡದ ಅಂಗನವಾಡಿಯವಳಿಗೂ ಅದನ್ನು ಓದಲಿಕ್ಕೆ ಬರಬೇಕು.